ಚೆರ್ನೋಬಿಲ್ ಕಾಡಿನಲ್ಲಿ ಒಂದು ಹಿಡಿ ಬೋಲ್ಟು

ಮುಂದೆ ಹುಲ್ಲು ಹಬ್ಬಿದ ರಸ್ತೆ. ಪಕ್ಕದಲ್ಲಿ ತುಕ್ಕು ಹಿಡಿದು ನಿಂತ ಲಾರಿ. ಬೇಸಿಗೆಯ ಮಧ್ಯಾಹ್ನ ಡಾಂಬರು ರಸ್ತೆಯ ಮೇಲೆ ಗಾಳಿ ನಡುಗುತ್ತದಲ್ಲ, ಹಾಗೆ ಅಲ್ಲೊಂದು ಕಡೆ ಮಾತ್ರ ಗಾಳಿ ನಡುಗುತ್ತಿದೆ. ಕಂಪ್ಯೂಟರಿನ ಮುಂದೆ ಕುಳಿತ ಹುಡುಗ ಅತ್ತ ನುಗ್ಗುವುದಿಲ್ಲ. ಜೇಬಿನಿಂದ ಒಂದು ಬೋಲ್ಟು ತೆಗೆದು ಎಸೆಯುತ್ತಾನೆ. ಫಟ್ ಎಂದು ಸದ್ದಾಗಿ ಬೋಲ್ಟು ಆಚೆಗೆ ಚಿಮ್ಮುತ್ತದೆ. ಸರಿ, ಇತ್ತ ದಾರಿಯಿಲ್ಲ. ನಾಲ್ಕು ಹೆಜ್ಜೆ ಎಡಕ್ಕೆ ಸರಿದು ಇನ್ನೊಂದು ಬೋಲ್ಟು. ಈ ಸಲ ಅದು ಸುಮ್ಮನೆ ನೆಲಕ್ಕೆ ಬಿತ್ತು. ಹುಡುಗ ಆ ಜಾಡಿನಲ್ಲೇ ಹೆಜ್ಜೆ ಇಡುತ್ತಾನೆ.

ಬಂದೂಕಿನ ಆಟಗಳೆಂದರೆ ಕಣ್ಣು ಮುಚ್ಚಿ ಗುಂಡು ಹಾರಿಸುವುದು, ಎದುರಿಗೆ ಬಂದವರನ್ನೆಲ್ಲ ಕೆಡಹುವುದು, ಇಷ್ಟೇ ಎಂಬ ಅಭಿಪ್ರಾಯ ನಮ್ಮ ಪೋಷಕರಲ್ಲಿ ಬಲವಾಗಿದೆ. ಬಹುಪಾಲು ಆಟಗಳ ಮಟ್ಟಿಗೆ ಅದು ಸುಳ್ಳೂ ಅಲ್ಲ. ಆದರೆ ಗುಂಡು ಹಾರಿಸುವ ಮೊದಲು ಬೋಲ್ಟು ಎಸೆದು ದಾರಿ ಪರೀಕ್ಷಿಸುವ ಈ ಆಟದಲ್ಲಿ ಏನೋ ಬೇರೆ ಇದೆ. ಇದರ ಹೆಸರು ‘ಸ್ಟಾಕರ್: ಶ್ಯಾಡೋ ಆಫ್ ಚೆರ್ನೋಬಿಲ್’. ಉಕ್ರೇನಿನ ರಾಜಧಾನಿ ಕೀವ್ ನಗರದ ಜಿಎಸ್‌ಸಿ ಗೇಮ್ ವರ್ಲ್ಡ್ ಎಂಬ ಸಂಸ್ಥೆ ಇದನ್ನು 2007ರ ಮಾರ್ಚ್‌ನಲ್ಲಿ ಹೊರತಂದಿತು. ಹೈಸ್ಕೂಲು ಮಕ್ಕಳ ಬಾಯಲ್ಲಿ ಮತ್ತೆ ಮತ್ತೆ ಕೇಳಿಬರುತ್ತಿದ್ದ ಹೆಸರಾದ್ದರಿಂದ ನಾನೂ ಕೆಲವು ವಾರ ಬಿಡುವಿನ ವೇಳೆಯಲ್ಲಿ ಕುಳಿತು ಕೊನೆಯವರೆಗೆ ಆಡಿ ನೋಡಿದೆ. ಭೌತಶಾಸ್ತ್ರ ಬೋಧಿಸುವವನಿಗೆ ಇದರಲ್ಲಿ ಮೆಚ್ಚುವುದಕ್ಕೂ ಜಗಳವಾಡುವುದಕ್ಕೂ ಸಾಕಷ್ಟು ಸಾಮಗ್ರಿ ಇದೆ.

ಕಾದಂಬರಿಯಿಂದ ಕಂಪ್ಯೂಟರಿಗೆ

ಆಟದ ಬೇರು ಅಪಘಾತಕ್ಕಿಂತ ಹಳೆಯದು. ಅರ್ಕಾದಿ ಮತ್ತು ಬೋರಿಸ್ ಸ್ತ್ರುಗಾತ್ಸ್ಕಿ ಎಂಬ ಸೋವಿಯತ್ ಸಹೋದರರು 1972ರಲ್ಲಿ ‘ರೋಡ್‌ಸೈಡ್ ಪಿಕ್ನಿಕ್’ ಎಂಬ ವೈಜ್ಞಾನಿಕ ಕಾದಂಬರಿ ಪ್ರಕಟಿಸಿದರು. ಅನ್ಯಗ್ರಹದವರು ಬಂದು ಹೋದ ಜಾಗವೊಂದು ನಿಷೇಧಿತ ವಲಯವಾಗಿರುತ್ತದೆ. ಅಲ್ಲಿ ಪ್ರಕೃತಿಯ ನಿಯಮಗಳು ನಡೆಯುವುದಿಲ್ಲ. ಕದ್ದು ಒಳನುಗ್ಗಿ ವಿಚಿತ್ರ ವಸ್ತುಗಳನ್ನು ಹೊರತಂದು ಮಾರುವವರೇ ‘ಸ್ಟಾಕರ್’ಗಳು. ಆಂದ್ರೆಯ್ ತಾರ್ಕೋವ್‌ಸ್ಕಿ ಇದನ್ನೇ ಆಧರಿಸಿ 1979ರಲ್ಲಿ ‘ಸ್ಟಾಕರ್’ ಚಿತ್ರ ಮಾಡಿದರು. (ಈ ಪದವನ್ನು ಸ್ತ್ರುಗಾತ್ಸ್ಕಿ ಸಹೋದರರು ಪಡೆದದ್ದು ಮುಂಬೈಯಲ್ಲಿ ಹುಟ್ಟಿದ ಕಿಪ್ಲಿಂಗನ ‘ಸ್ಟಾಕಿ’ ಕಥೆಗಳಿಂದ ಎಂಬುದು ನಮಗೊಂದು ಸ್ವಾರಸ್ಯ.) ನಟ್ಟು ಬೋಲ್ಟು ಎಸೆದು ದಾರಿ ನೋಡುವ ಉಪಾಯವೂ ಆ ಕಾದಂಬರಿಯದೇ. ಏಳು ವರ್ಷಗಳ ನಂತರ, 1986ರಲ್ಲಿ, ಕಥೆಯ ವಲಯಕ್ಕೆ ಭೂಪಟದಲ್ಲೇ ಒಂದು ಜಾಗ ಸಿಕ್ಕಿತು. ಅಪಘಾತದ ನಂತರ ಚೆರ್ನೋಬಿಲ್ ಸುತ್ತಲಿನ ನಿಷೇಧಿತ ಪ್ರದೇಶಕ್ಕೆ ಕದ್ದು ಹೋಗುವವರನ್ನು ಜನ ಸ್ಟಾಕರ್ ಎಂದೇ ಕರೆದರು.

ಕೀವ್‌ನ ಈ ತರುಣರು ಎರಡನ್ನೂ ಬೆಸೆದರು. ಅವರ ಕಥೆಯ ಪ್ರಕಾರ 2006ರಲ್ಲಿ ಸ್ಥಾವರದಲ್ಲಿ ಎರಡನೆಯ ದುರಂತ ನಡೆಯುತ್ತದೆ. ಅದು ಕೇವಲ ಕಲ್ಪನೆ. ಆಟ ನಡೆಯುವುದು 2012ರಲ್ಲಿ. ಹೆಣಗಳನ್ನು ಹೇರಿಕೊಂಡು ಬರುತ್ತಿದ್ದ ಲಾರಿಗೆ ಸಿಡಿಲು ಬಡಿದು, ಅದರಲ್ಲಿ ಜೀವ ಉಳಿದ ಒಬ್ಬನಿಗೆ ತಾನು ಯಾರೆಂಬ ನೆನಪಿಲ್ಲ. ಕೈಯಲ್ಲಿರುವ ಪುಟ್ಟ ಯಂತ್ರದಲ್ಲಿ ‘ಸ್ಟ್ರೆಲೋಕ್‌ನನ್ನು ಕೊಲ್ಲು’ ಎಂಬ ಒಂದೇ ಸಾಲು. ಆ ಸ್ಟ್ರೆಲೋಕ್ ಯಾರು ಎಂಬುದನ್ನು ಹೇಳಿಬಿಟ್ಟರೆ ಆಡುವವರಿಗೆ ಅನ್ಯಾಯವಾದೀತು.

ಆಟದ ತಯಾರಕರು ಕ್ಯಾಮೆರಾ ಹಿಡಿದು ನಿಜವಾದ ವಲಯಕ್ಕೆ ಹೋಗಿ ಗೋಡೆ, ಕಿಟಕಿ, ಬಸ್ ನಿಲ್ದಾಣ, ಕಾರಿಡಾರುಗಳ ಚಿತ್ರ ತೆಗೆದು ತಂದು ಅದನ್ನೇ ಪರದೆಯ ಮೇಲೆ ಹೊಂದಿಸಿದ್ದಾರೆ. ಹಾಗಾಗಿ ಪ್ರಿಪ್ಯಾತ್ ಪಟ್ಟಣದ ಚೌಕ, ಪೊಲಿಸ್ಸ್ಯಾ ಹೋಟೆಲು, ದೊಡ್ಡ ತಿರುಗು ತೊಟ್ಟಿಲು ಎಲ್ಲವೂ ಗುರುತು ಸಿಗುವಂತಿವೆ. ಪ್ರಿಪ್ಯಾತ್ 1970ರಲ್ಲಿ ಸ್ಥಾವರದ ನೌಕರರಿಗಾಗಿ ಕಟ್ಟಿದ ಊರು. ಸುಮಾರು 49 ಸಾವಿರ ಜನ ಅಲ್ಲಿದ್ದರು. 1986ರ ಏಪ್ರಿಲ್ 26ರ ನಸುಕಿನ 1 ಗಂಟೆ 23 ನಿಮಿಷಕ್ಕೆ ನಾಲ್ಕನೆಯ ರಿಯಾಕ್ಟರು ಸಿಡಿಯಿತು. ಊರವರನ್ನು ಬಸ್ಸುಗಳಲ್ಲಿ ಹೊರಡಿಸಿದ್ದು ಮರುದಿನ ಮಧ್ಯಾಹ್ನ. ಮೇ 1ರ ಹಬ್ಬಕ್ಕೆ ತೆರೆಯಬೇಕಿದ್ದ ಆ ತಿರುಗು ತೊಟ್ಟಿಲು ಹಾಗೇ ಉಳಿಯಿತು. ಆಟದಲ್ಲಿ ಅದರ ಕೆಳಗೆ ನಿಂತಾಗ ನಿಮ್ಮ ಕೈಯಲ್ಲಿ ಬಂದೂಕು ಇದ್ದರೂ ಗುಂಡಿನ ನೆನಪು ಬರುವುದಿಲ್ಲ.

ಟಿಕ್ ಟಿಕ್ ಸದ್ದು

ಈ ಆಟದ ಅತ್ಯುತ್ತಮ ಅಂಶ ಯಾವುದು ಎಂದು ಕೇಳಿದರೆ ನಾನು ಬಂದೂಕುಗಳನ್ನಾಗಲೀ ಭೂತಾಕಾರದ ಪ್ರಾಣಿಗಳನ್ನಾಗಲೀ ಹೇಳುವುದಿಲ್ಲ. ಗೈಗರ್ ಕೌಂಟರಿನ ಸದ್ದನ್ನು ಹೇಳುತ್ತೇನೆ. ಕಣ್ಣಿಗೆ ಕಾಣದ, ಮೂಗಿಗೆ ತಿಳಿಯದ ಶತ್ರುವನ್ನು ಕಿವಿಗೆ ಕೇಳಿಸುವ ಉಪಕರಣವದು. ಹ್ಯಾನ್ಸ್ ಗೈಗರ್ ತನ್ನ ಶಿಷ್ಯ ವಾಲ್ಟರ್ ಮ್ಯೂಲರ್ ಜೊತೆ 1928ರಲ್ಲಿ ಇದಕ್ಕೆ ಇಂದಿನ ರೂಪ ಕೊಟ್ಟ. ಒಂದು ಲೋಹದ ಕೊಳವೆ, ಒಳಗೆ ಕಡಿಮೆ ಒತ್ತಡದ ಅನಿಲ, ನಡುವೆ ಒಂದು ತಂತಿ, ತಂತಿಗೂ ಕೊಳವೆಗೂ ನಡುವೆ ನೂರಾರು ವೋಲ್ಟ್. ವಿಕಿರಣ ಒಳಹೊಕ್ಕು ಅನಿಲದ ಒಂದು ಪರಮಾಣುವಿನಿಂದ ಎಲೆಕ್ಟ್ರಾನನ್ನು ಕಿತ್ತರೆ ಸಾಕು, ಅದು ತಂತಿಯತ್ತ ಓಡುತ್ತಾ ದಾರಿಯಲ್ಲಿ ಸಿಕ್ಕವುಗಳಿಂದ ಇನ್ನಷ್ಟು ಎಲೆಕ್ಟ್ರಾನುಗಳನ್ನು ಕೀಳುತ್ತದೆ. ಕ್ಷಣಾರ್ಧದಲ್ಲಿ ಅವುಗಳ ಮಹಾಪೂರವೇ ಹರಿದು ಸ್ಪೀಕರಿನಲ್ಲಿ ಒಂದು ‘ಟಿಕ್’ ಕೇಳುತ್ತದೆ.

ಆಟದಲ್ಲಿ ತುಕ್ಕು ಹಿಡಿದ ವಾಹನಗಳ ದೊಡ್ಡ ತಿಪ್ಪೆಯೊಂದಿದೆ. ಹತ್ತಿರ ಹೋದಂತೆ ಟಿಕ್ ಟಿಕ್ ದಟ್ಟವಾಗುತ್ತದೆ. ಒಳ್ಳೆಯ ವಸ್ತು ಅದರ ಮಧ್ಯದಲ್ಲೇ ಬಿದ್ದಿರುತ್ತದೆ. ಹೋಗಬೇಕೆ, ಬಿಡಬೇಕೆ? ಹೋದರೆ ಎಷ್ಟು ಬೇಗ ಹಿಂತಿರುಗಬೇಕು? ಯಾವ ಗೋಡೆಯ ಮರೆಯಲ್ಲಿ ನಿಂತರೆ ಸದ್ದು ತಗ್ಗುತ್ತದೆ? ವಿಕಿರಣದಿಂದ ರಕ್ಷಣೆಗೆ ಪಠ್ಯದಲ್ಲಿರುವ ಮೂರೇ ಸೂತ್ರಗಳು ಕಾಲ, ದೂರ, ಮರೆ. ಕಡಿಮೆ ಹೊತ್ತು ಇರು, ದೂರ ನಿಲ್ಲು, ನಡುವೆ ದಪ್ಪನೆಯ ವಸ್ತು ಇರಲಿ. ಚಿಕ್ಕ ಆಕರದಿಂದ ದೂರ ಎರಡು ಪಟ್ಟಾದರೆ ತೀವ್ರತೆ ನಾಲ್ಕನೆಯ ಒಂದು ಭಾಗಕ್ಕೆ ಇಳಿಯುತ್ತದೆ ಎಂದು ಕರಿಹಲಗೆಯ ಮೇಲೆ ಬರೆದರೆ ಮಕ್ಕಳು ಬಾಯಿಪಾಠ ಮಾಡುತ್ತಾರೆ. ಇಲ್ಲಿ ಮಾತ್ರ ಅದು ಮೈಗೆ ಹತ್ತುತ್ತದೆ. ಆ ತಿಪ್ಪೆಯೂ ಕಲ್ಪನೆಯಲ್ಲ. ಅಪಘಾತದ ಸ್ಥಳದಲ್ಲಿ ಕೆಲಸ ಮಾಡಿ ವಿಕಿರಣಶೀಲವಾದ ಲಾರಿ, ಬುಲ್ಡೋಜರು, ಹೆಲಿಕಾಪ್ಟರುಗಳನ್ನು ರಾಸ್ಸೋಖಾ ಎಂಬಲ್ಲಿ ಬಯಲಿನಲ್ಲಿ ಸಾಲಾಗಿ ನಿಲ್ಲಿಸಿದ್ದರು.

ಒಂದು ಸಣ್ಣ ತಕರಾರು. ಅಪಾಯದ ಜಾಗದಿಂದ ಹೊರಬಂದ ಕೂಡಲೇ ಆಟದ ಕೌಂಟರು ಬಾಯಿ ಮುಚ್ಚುತ್ತದೆ. ನಿಜವಾದ ಕೌಂಟರು ಎಂದೂ ಮೌನವಾಗಿರುವುದಿಲ್ಲ. ನಮ್ಮ ಬೆಣಚು, ಗ್ರಾನೈಟು ಬಂಡೆಗಳಲ್ಲೂ, ನಾವು ತಿನ್ನುವ ಬಾಳೆಹಣ್ಣಿನ ಪೊಟ್ಯಾಸಿಯಂನಲ್ಲೂ, ಮೇಲಿನಿಂದ ಬೀಳುವ ವಿಶ್ವಕಿರಣದಲ್ಲೂ ಚೂರುಪಾರು ವಿಕಿರಣ ಇದ್ದೇ ಇದೆ. ಅಡುಗೆಮನೆಯಲ್ಲಿ ಇಟ್ಟರೂ ಅದು ಆಗೊಮ್ಮೆ ಈಗೊಮ್ಮೆ ಟಿಕ್ ಎನ್ನುತ್ತದೆ. ಹೆದರುವಂಥದ್ದೇನೂ ಅಲ್ಲ.

ಉಳಿದಂತೆ ಬದುಕಿ ಉಳಿಯುವ ಕಷ್ಟವನ್ನು ಆಟ ಚೆನ್ನಾಗಿ ಹಿಡಿದಿದೆ. ಹೊಟ್ಟೆ ಹಸಿಯುತ್ತದೆ, ಬ್ರೆಡ್ಡು ಹುಡುಕಬೇಕು. ಗಾಯವಾದರೆ ರಕ್ತ ಸೋರುತ್ತದೆ, ಪಟ್ಟಿ ಕಟ್ಟಬೇಕು. 50 ಕಿಲೋಗಿಂತ ಹೆಚ್ಚು ಹೊತ್ತರೆ ಏದುಸಿರು, 60 ದಾಟಿದರೆ ಕಾಲೇ ಏಳದು. ಬಂದೂಕು ಸವೆಯುತ್ತದೆ, ಆಪತ್ತಿನ ಹೊತ್ತಿನಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ಎರಡು ಮೂರು ಗುಂಡಿಗೆ ನಾಯಕ ಸತ್ತೇ ಹೋಗುತ್ತಾನೆ. ರಾತ್ರಿಯೆಂದರೆ ನಿಜವಾದ ಕಗ್ಗತ್ತಲು. ದೂರದಲ್ಲೊಂದು ಬೆಂಕಿ, ಅದರ ಸುತ್ತ ನಾಲ್ಕು ಜನ, ಒಬ್ಬ ಗಿಟಾರು ನುಡಿಸುತ್ತಾನೆ, ಇನ್ನೊಬ್ಬ ರಷ್ಯನ್ ಭಾಷೆಯಲ್ಲಿ ನಗೆಹನಿ ಹೇಳುತ್ತಾನೆ. ಭಾಷೆ ತಿಳಿಯದಿದ್ದರೂ ಅಲ್ಲಿಗೆ ಹೋಗಿ ಕೂರಬೇಕೆನಿಸುತ್ತದೆ. ನೀವು ನೋಡದಿರುವಾಗಲೂ ಈ ಜನ, ನಾಯಿಗಳು, ಹಂದಿಗಳು ತಮ್ಮ ಪಾಡಿಗೆ ಓಡಾಡುತ್ತಿರುವಂತೆ ಕಾರ್ಯಕ್ರಮ ರೂಪಿಸಿದ್ದಾರೆ. ನೀವಿಲ್ಲದೆಯೂ ನಡೆಯುವ ಲೋಕ ಎಂಬ ಭಾವನೆ ಬರುವುದು ಅದರಿಂದ.

ವೋಡ್ಕಾ ಮದ್ದೇ?

‘ಸಾರ್, ವೋಡ್ಕಾ ಕುಡಿದರೆ ರೇಡಿಯೇಷನ್ ಇಳಿಯುತ್ತಂತೆ, ಹೌದಾ?’ ಒಂಬತ್ತನೆಯ ತರಗತಿಯಲ್ಲಿ ಈ ಪ್ರಶ್ನೆ ಬಂದಾಗ ಇಡೀ ತರಗತಿ ನಕ್ಕಿತು. ಕೇಳಿದವನು ಮಾತ್ರ ನಗಲಿಲ್ಲ. ಏಕೆಂದರೆ ಆಟದಲ್ಲಿ ಹಾಗೆಯೇ ಇದೆ. ವಿಕಿರಣದ ಚಿಹ್ನೆ ಕೆಂಪಾದಾಗ ಎರಡು ಬಾಟಲಿ ವೋಡ್ಕಾ ಏರಿಸಿದರೆ ಕಣ್ಣು ಮಂಜಾಗಿ ಪರದೆ ತೂಗಾಡುತ್ತದೆ, ಆದರೆ ವಿಕಿರಣ ಮಾಯ!

ಇದು ಆ ಸೀಮೆಯಲ್ಲಿ ಹಬ್ಬಿದ್ದ ನಂಬಿಕೆ, ಆಟದವರು ಅದನ್ನು ಎತ್ತಿಕೊಂಡಿದ್ದಾರೆ. ವಿಜ್ಞಾನದಲ್ಲಿ ಇದಕ್ಕೆ ಆಧಾರವಿಲ್ಲ. ಮದ್ಯ ವಿಕಿರಣವನ್ನು ತೊಳೆಯುವುದಿಲ್ಲ, ಇಳಿಸುವುದಿಲ್ಲ. ಇದಕ್ಕಿಂತ ದೊಡ್ಡ ತಪ್ಪು ಇದರ ಹಿಂದಿದೆ. ವಿಕಿರಣ ತಾಗುವುದು ಬೇರೆ, ವಿಕಿರಣಶೀಲ ಧೂಳು ಅಂಟುವುದು ಬೇರೆ; ಆಟ ಇವೆರಡನ್ನೂ ಕಲಸಿ ಒಂದೇ ಪಟ್ಟಿಯಾಗಿ ತೋರಿಸುತ್ತದೆ. ಆಸ್ಪತ್ರೆಯಲ್ಲಿ ಎಕ್ಸ್-ರೇ ತೆಗೆಸಿಕೊಂಡು ಬಂದವರು ಮನೆಯವರಿಗೆ ವಿಕಿರಣ ಹಂಚುವುದಿಲ್ಲ. ಕಿರಣ ದೇಹವನ್ನು ಹಾದು ಹೋಯಿತು, ಜೀವಕೋಶಗಳಿಗೆ ಹಾನಿ ಆಗುವುದಿದ್ದರೆ ಆಗಲೇ ಆಯಿತು, ಒಳಗೆ ಉಳಿದದ್ದು ಏನೂ ಇಲ್ಲ. ಉಳಿಯದೇ ಇರುವುದನ್ನು ಇಳಿಸುವುದೇನು? ಧೂಳಿನ ಕಥೆ ಹಾಗಲ್ಲ. ಅದು ಬಟ್ಟೆಗೆ, ಕೂದಲಿಗೆ, ಸೊಪ್ಪಿಗೆ ಅಂಟುತ್ತದೆ, ಉಸಿರಿನಲ್ಲಿ, ಹಾಲಿನಲ್ಲಿ ಒಳಹೋಗಿ ಅಲ್ಲೇ ಕೂತು ಕಿರಣ ಬೀರುತ್ತದೆ. ಅದಕ್ಕೆ ಮೊದಲ ಮದ್ದು ಬಟ್ಟೆ ಕಳಚಿ ಸೋಪು ನೀರಿನಲ್ಲಿ ಮೈ ತೊಳೆಯುವುದು.

ಚೆರ್ನೋಬಿಲ್‌ನಲ್ಲಿ ಮಕ್ಕಳ ಪಾಲಿಗೆ ಕಂಟಕವಾದದ್ದು ಅಯೋಡಿನ್-131. ನಮ್ಮ ಕುತ್ತಿಗೆಯಲ್ಲಿರುವ ಥೈರಾಯಿಡ್ ಗ್ರಂಥಿಗೆ ಅಯೋಡಿನ್ ಬೇಕು. ಒಳ್ಳೆಯದು ಯಾವುದು, ವಿಕಿರಣಶೀಲ ಯಾವುದು ಎಂಬ ಭೇದ ಅದಕ್ಕೆ ತಿಳಿಯದು. ಹುಲ್ಲಿಗೆ ಬಿದ್ದ ಅಯೋಡಿನ್ ಹಸುವಿಗೆ, ಹಸುವಿನಿಂದ ಹಾಲಿಗೆ, ಹಾಲಿನಿಂದ ಮಕ್ಕಳ ಗಂಟಲಿಗೆ ಇಳಿಯಿತು. ಅಂದು ಮಕ್ಕಳಾಗಿದ್ದವರಲ್ಲಿ 2005ರ ಹೊತ್ತಿಗೆ 6 ಸಾವಿರಕ್ಕೂ ಹೆಚ್ಚು ಥೈರಾಯಿಡ್ ಕ್ಯಾನ್ಸರ್ ಪ್ರಕರಣಗಳು ದಾಖಲಾದವು. ಚಿಕಿತ್ಸೆಗೆ ಬಗ್ಗುವ ಕಾಯಿಲೆಯಾದ್ದರಿಂದ ಬಹುತೇಕರು ಉಳಿದರು. ಗ್ರಂಥಿಯನ್ನು ಮೊದಲೇ ಒಳ್ಳೆಯ ಅಯೋಡಿನ್‌ನಿಂದ ತುಂಬಿಸಿಬಿಟ್ಟರೆ ಕೆಟ್ಟದ್ದಕ್ಕೆ ಜಾಗವಿರುವುದಿಲ್ಲ. ಪೋಲೆಂಡ್ ದೇಶ ಆ ವಸಂತದಲ್ಲಿ ಸುಮಾರು ಒಂದು ಕೋಟಿ ಮಕ್ಕಳಿಗೆ ಅಯೋಡಿನ್ ಕುಡಿಸಿತು. ಇದಕ್ಕೆ ಹೊತ್ತು ಮುಖ್ಯ. ಎರಡು ವಾರ ಕಳೆದ ಮೇಲೆ ಕುಡಿಸಿ ಫಲವಿಲ್ಲ. ಆಟದಲ್ಲಿ ಯಾವ ಹೊತ್ತಿಗೆ ಗುಳಿಗೆ ನುಂಗಿದರೂ ಎಲ್ಲ ಸರಿಹೋಗುತ್ತದೆ!

ಅಯೋಡಿನ್-131ರ ಅರ್ಧಾಯು 8 ದಿನ. 80 ದಿನ ಕಳೆದರೆ ಹತ್ತು ಬಾರಿ ಅರ್ಧವಾಗಿ ಸಾವಿರದಲ್ಲಿ ಒಂದು ಭಾಗವೂ ಉಳಿಯದು. ಸೀಸಿಯಂ-137ರ ಅರ್ಧಾಯು 30 ವರ್ಷ. 40 ವರ್ಷ ಕಳೆದರೂ ನೂರರಲ್ಲಿ 40 ಪಾಲು ಮಣ್ಣಿನಲ್ಲಿ ಇದ್ದೇ ಇರುತ್ತದೆ. ಪ್ಲುಟೋನಿಯಂ-239ರ ಮಾತು ಬಿಡಿ, 24 ಸಾವಿರ ವರ್ಷ. ವಲಯ ಇಂದಿಗೂ ಏಕೆ ಮುಚ್ಚಿದೆ ಎಂಬ ಪ್ರಶ್ನೆಗೆ ಉತ್ತರ ಈ ಲೆಕ್ಕದಲ್ಲಿದೆ. ಮನೆಯಲ್ಲಿ ಮಾಡಿ ನೋಡಬಹುದು: ನೂರು ನಾಣ್ಯ ಅಥವಾ ಹುಣಿಸೆ ಬೀಜವನ್ನು ಒಂದು ಬದಿ ಉಜ್ಜಿ ಬೆಳ್ಳಗೆ ಮಾಡಿ ನೆಲಕ್ಕೆ ಚೆಲ್ಲಿ. ಬಿಳಿ ಬದಿ ಮೇಲೆ ಬಿದ್ದವನ್ನು ತೆಗೆದಿಡಿ, ಉಳಿದವನ್ನು ಮತ್ತೆ ಚೆಲ್ಲಿ. ಪ್ರತಿ ಸಲ ಎಷ್ಟು ಉಳಿದವೆಂದು ಬರೆದು ನಕ್ಷೆ ಹಾಕಿದರೆ ಅರ್ಧಾಯುವಿನ ಇಳಿಜಾರು ಕಣ್ಣೆದುರು ಬರುತ್ತದೆ. ಯಾವ ಬೀಜ ಯಾವಾಗ ಹೋಗುತ್ತದೆಂದು ಯಾರೂ ಹೇಳಲಾರರು. ಒಟ್ಟು ಲೆಕ್ಕ ಮಾತ್ರ ಹೆಚ್ಚುಕಮ್ಮಿ ತಪ್ಪುವುದಿಲ್ಲ.

ಇನ್ನು ಆ ಪ್ರಾಣಿಗಳು. ರಕ್ತ ಹೀರುವ, ಮನಸ್ಸನ್ನೇ ವಶಪಡಿಸಿಕೊಳ್ಳುವ, ಮನುಷ್ಯಾಕೃತಿಯ ವಿಕಾರಗಳು. ವಿಕಿರಣದಿಂದ ವಂಶವಾಹಿಗಳಲ್ಲಿ ವ್ಯತ್ಯಾಸವಾಗುವುದು ನಿಜ, ಆದರೆ ಅದರ ಫಲ ಸಾಮಾನ್ಯವಾಗಿ ಕಾಯಿಲೆ, ಸಾವು, ಹೊಸ ರಾಕ್ಷಸರಲ್ಲ. ಸ್ಥಾವರದ ಪಕ್ಕದ ಪೈನ್ ಮರಗಳು ಸತ್ತು ಕೆಂಪಗಾಗಿ ‘ಕೆಂಪು ಕಾಡು’ ಎಂಬ ಹೆಸರು ಬಂತು. ಅನಂತರ ಜನರಿಲ್ಲದ ಆ ನೆಲದಲ್ಲಿ ತೋಳ, ಲಿಂಕ್ಸ್, ಕಡವೆಯಂಥ ದೊಡ್ಡ ಜಿಂಕೆಗಳು ಹೆಚ್ಚಿದವು. 1998ರಲ್ಲಿ ತಂದುಬಿಟ್ಟ ಪ್ರೆಷ್ವಾಲ್ಸ್ಕಿ ಎಂಬ ಅಪರೂಪದ ಕಾಡುಕುದುರೆಗಳೂ ಸಂಸಾರ ಬೆಳೆಸಿಕೊಂಡವು. ಅವುಗಳ ಮೈಯಲ್ಲಿ ವಿಕಿರಣದ ಪರಿಣಾಮ ಎಷ್ಟು ಎಂಬ ಬಗ್ಗೆ ವಿಜ್ಞಾನಿಗಳಲ್ಲಿ ವಾದವಿದೆ. ಆದರೂ ಕಾಡುಪ್ರಾಣಿಗೆ ವಿಕಿರಣಕ್ಕಿಂತ ಮನುಷ್ಯನ ಕಾಟ ದೊಡ್ಡದು ಎಂಬಂತಹ ಈ ನಿಜಸಂಗತಿಯ ಮುಂದೆ ಆಟದ ಭೂತಗಳು ಸಪ್ಪೆ. ನ್ಯಾಯವಾಗಿ ಹೇಳುವುದಾದರೆ, ಆಟದ ಕಥೆಯೇ ಕೊನೆಯಲ್ಲಿ ತಪ್ಪನ್ನು ವಿಕಿರಣದ ಮೇಲೆ ಹೊರಿಸದೆ ಗುಪ್ತ ಪ್ರಯೋಗಾಲಯಗಳ ಮೇಲೆ ಹೊರಿಸುತ್ತದೆ. ಅಲ್ಲಿಯವರೆಗೆ ಆಡುವಷ್ಟು ತಾಳ್ಮೆ ಎಷ್ಟು ಹುಡುಗರಿಗಿದೆಯೋ!

ಇಲ್ಲದವರು

ಆಟದ ದೋಷಗಳನ್ನು ಅದರ ಅಭಿಮಾನಿಗಳೇ ಒಪ್ಪುತ್ತಾರೆ. 2001ರಲ್ಲಿ ಘೋಷಿಸಿ 2003ಕ್ಕೆ ಕೊಡುತ್ತೇವೆಂದದ್ದು ಬಂದದ್ದು 2007ಕ್ಕೆ, ಅದೂ ಹುಳುಕುಗಳ ಸಮೇತ. ನಡುವೆ ನಿಂತುಹೋಗುತ್ತಿತ್ತು, ಉಳಿಸಿಟ್ಟ ಆಟ ಕೆಡುತ್ತಿತ್ತು. ಇಂಗ್ಲಿಷ್ ಅನುವಾದ ಹಲವೆಡೆ ಒರಟು. ಉಪಕಥೆಗಳೆಂದರೆ ಇವನನ್ನು ಕೊಲ್ಲು, ಅದನ್ನು ತಾ ಎಂಬ ಎರಡೇ ರಾಗ. ಓಡಿಸಿದ ಡಕಾಯಿತರು ಅರ್ಧ ಗಂಟೆಯಲ್ಲಿ ಅದೇ ಜಾಗಕ್ಕೆ ಮತ್ತೆ ಹಾಜರು. ಮೊದಲ ಅರ್ಧದಲ್ಲಿ ಹೆಜ್ಜೆ ಹೆಜ್ಜೆಗೂ ಯೋಚಿಸಲು ಕಲಿಸಿದ ಆಟ, ಸ್ಥಾವರದ ಒಳಹೊಕ್ಕ ಮೇಲೆ ಓಣಿಯಲ್ಲಿ ಗುಂಡು ಸುರಿಸುವ ಸಾಮಾನ್ಯ ಆಟವಾಗಿಬಿಡುತ್ತದೆ. ನನಗೆ ಅತ್ಯಂತ ಬೇಸರ ತಂದದ್ದು ಈ ಭಾಗ.

ಮುಕ್ತಾಯದಲ್ಲಿ ಮಾತ್ರ ಮತ್ತೆ ಚೇತರಿಕೆ. ವರ ಕೊಡುವ ಒಂದು ವಸ್ತು ಅಲ್ಲಿದೆ. ಹಣ ಗುಡ್ಡೆ ಹಾಕಿಕೊಂಡು ಬಂದವನ ಬಾಯಿಂದ ‘ಶ್ರೀಮಂತನಾಗಬೇಕು’ ಎಂಬ ಬಯಕೆ ಹೊರಡುತ್ತದೆ. ಮೇಲಿನಿಂದ ಚಿನ್ನದ ನಾಣ್ಯ ಸುರಿದಂತೆ ಅವನಿಗೆ ಕಾಣುತ್ತದೆ. ಬೀಳುತ್ತಿರುವುದು ಛಾವಣಿಯ ಕಬ್ಬಿಣ. ಅಮರನಾಗಬಯಸಿದವನು ಲೋಹದ ವಿಗ್ರಹವಾಗುತ್ತಾನೆ. ಭಸ್ಮಾಸುರನ ಕಥೆ ಕೇಳಿ ಬೆಳೆದ ನಮ್ಮ ಮಕ್ಕಳಿಗೆ ಇದು ತಟ್ಟನೆ ಅರ್ಥವಾಗುತ್ತದೆ. ಆಡುವವನು ದಾರಿಯುದ್ದಕ್ಕೂ ಹೇಗೆ ನಡೆದುಕೊಂಡನೋ ಅದರ ಮೇಲೆ ಅವನ ವರ ನಿಂತಿರುವುದು ಜಾಣತನ. ಒಟ್ಟು ಏಳು ಮುಕ್ತಾಯಗಳಿವೆ. ನಡುವೆ ಒಂದು ಕವಲು ತಪ್ಪಿದರೆ ನಿಜವಾದ ಮುಕ್ತಾಯ ಸಿಗುವುದೇ ಇಲ್ಲ.

ಆದರೆ ನನ್ನ ಮುಖ್ಯ ಆಕ್ಷೇಪ ಇವಾವುವೂ ಅಲ್ಲ. ಚೆರ್ನೋಬಿಲ್ ಹೆಸರಿನ ಈ ಆಟದಲ್ಲಿ ಚೆರ್ನೋಬಿಲ್‌ನ ಜನರೇ ಇಲ್ಲ. ಒಬ್ಬ ಹೆಂಗಸಿಲ್ಲ, ಒಂದು ಮಗುವಿಲ್ಲ. ಆ ರಾತ್ರಿ ಛಾವಣಿ ಹತ್ತಿದ ಅಗ್ನಿಶಾಮಕ ದಳದವರು, ಸ್ಥಾವರದ ನೌಕರರು ಎಲ್ಲಿ? ತೀವ್ರ ವಿಕಿರಣ ಕಾಯಿಲೆ ಖಚಿತವಾದ 134 ಮಂದಿಯಲ್ಲಿ 28 ಜನ ಆ ವರ್ಷವೇ ತೀರಿಕೊಂಡರು. ಸಲಿಕೆ ಹಿಡಿದು ಗ್ರಾಫೈಟ್ ಚೂರುಗಳನ್ನು ಛಾವಣಿಯಿಂದ ತಳ್ಳಿದವರು, ಮಣ್ಣು ಕೆರೆದವರು, ಹಳ್ಳಿಗಳನ್ನು ಹೂಳಿದವರು ಎಲ್ಲ ಸೇರಿ ಸುಮಾರು 6 ಲಕ್ಷ ಜನ ಶುದ್ಧೀಕರಣದ ಕೆಲಸಕ್ಕೆ ದುಡಿದರು. ಮನೆ ಬಿಡಲಾರದೆ ಹಿಂತಿರುಗಿ ಬಂದು ಆಲೂಗಡ್ಡೆ ಬೆಳೆದುಕೊಂಡು ಬದುಕಿದ ಮುದುಕಿಯರಿದ್ದರು. ಬದುಕಿ ಉಳಿಯುವ ಆಟವೆಂದ ಮೇಲೆ ಉಳಿದು ತೋರಿಸಿದ ಇವರಿಗೆ ಒಂದು ಮೂಲೆಯಾದರೂ ಬೇಡವೆ? ಬಂದೂಕಿಲ್ಲದವರಿಗೆ ಈ ಲೋಕದಲ್ಲಿ ಜಾಗವಿಲ್ಲ.

ಮಕ್ಕಳು ಕೇಳುವ ಇನ್ನೊಂದು ಪ್ರಶ್ನೆ ಕೈಗಾದ ಬಗ್ಗೆ. ಉತ್ತರ ಕನ್ನಡದ ಕಾಡಿನ ನಡುವೆ 220 ಮೆಗಾವಾಟಿನ ನಾಲ್ಕು ಘಟಕಗಳಿರುವುದು ಅವರಿಗೆ ಗೊತ್ತು. ಚೆರ್ನೋಬಿಲ್‌ನ ರಿಯಾಕ್ಟರಿನಲ್ಲಿ ಮಂದಕವಾಗಿ ಗ್ರಾಫೈಟ್ ಇತ್ತು. ಶಾಖ ಹೆಚ್ಚಿ ನೀರು ಆವಿಯಾದಷ್ಟೂ ಕ್ರಿಯೆ ಇನ್ನೂ ಜೋರಾಗುವ ಕೆಟ್ಟ ಗುಣ ಅದಕ್ಕಿತ್ತು. ಸುತ್ತ ಭದ್ರವಾದ ಕಾಂಕ್ರೀಟ್ ಕವಚವಿರಲಿಲ್ಲ. ಕೈಗಾದಲ್ಲಿರುವುದು ಭಾರಜಲದ ರಿಯಾಕ್ಟರು, ಅದಕ್ಕೆ ಎರಡು ಪದರದ ಕವಚವಿದೆ. ಅದೇ ಬಗೆಯ ಅಪಘಾತ ಇಲ್ಲಿ ಆಗದು ಎನ್ನಬಹುದು. ಯಾವ ಅಪಘಾತವೂ ಆಗದು ಎನ್ನಲು ನಾನು ತಯಾರಿಲ್ಲ. 1994ರಲ್ಲಿ, ಕಟ್ಟುತ್ತಿರುವಾಗಲೇ, ಅಲ್ಲಿನ ಒಂದು ಗುಮ್ಮಟದ ಕಾಂಕ್ರೀಟು ಕಳಚಿ ಬಿದ್ದದ್ದು ಹಲವರಿಗೆ ನೆನಪಿರಬಹುದು. ಶಿವರಾಮ ಕಾರಂತರು ಈ ಯೋಜನೆಯನ್ನು ವಿರೋಧಿಸಿ 1989ರಲ್ಲಿ ಲೋಕಸಭಾ ಚುನಾವಣೆಗೇ ನಿಂತಿದ್ದರು. ಇಂಥ ಚರ್ಚೆ ಒಂದು ಆಟದ ನೆಪದಲ್ಲಿ ತರಗತಿಗೆ ಬಂದರೆ ನನಗೆ ಸಂತೋಷವೇ.

ಪೋಷಕರಿಗೆ

ಆಟದ ಡಬ್ಬಿಯ ಮೇಲೆ ಅಮೆರಿಕದ ಮಂಡಳಿ 17 ವರ್ಷ ಮೀರಿದವರಿಗೆ ಎಂದು ಗುರುತು ಹಾಕಿದೆ. ರಕ್ತ, ಹೆಣ, ಬೈಗುಳ, ಕುಡಿತ ಎಲ್ಲವೂ ಇರುವುದರಿಂದ ಆ ಗುರುತು ಸರಿಯಾಗಿಯೇ ಇದೆ. ಹೈಸ್ಕೂಲಿನ ಹುಡುಗನಿಗೆ ನಾನು ಕೊಡಿಸಲಾರೆ. ಪಿಯುಸಿ ಮುಗಿಸಿದ ಮಗ ಆಡುತ್ತಿದ್ದರೆ ಬಾಗಿಲ ಬಳಿ ನಿಂತು ಗದರುವ ಬದಲು ಪಕ್ಕದಲ್ಲಿ ಒಂದು ಸಂಜೆ ಕುಳಿತು ನೋಡಿ, ಆ ತಿರುಗು ತೊಟ್ಟಿಲು ಯಾರಿಗಾಗಿ ಕಟ್ಟಿದ್ದು ಎಂದು ಕೇಳಿ. ಪರೀಕ್ಷೆಯ ತಿಂಗಳಲ್ಲಿ ಮಾತ್ರ ಬೇಡವೇ ಬೇಡ. ‘ಇದೊಂದು ಕೆಲಸ ಮುಗಿಸಿ ಏಳುತ್ತೇನೆ’ ಎಂದವನು ಏಳುವ ಹೊತ್ತಿಗೆ ಕೋಳಿ ಕೂಗುತ್ತದೆ.

ಇದರ ಮುಂದಿನ ಕಂತುಗಳಲ್ಲಿ 2008ರ ‘ಕ್ಲಿಯರ್ ಸ್ಕೈ’ಯನ್ನು ಬಿಟ್ಟರೆ ನಷ್ಟವಿಲ್ಲ. 2009ರ ‘ಕಾಲ್ ಆಫ್ ಪ್ರಿಪ್ಯಾತ್’ ಮೂರರಲ್ಲಿ ಅಚ್ಚುಕಟ್ಟಾದದ್ದು. ಬಹುಕಾಲದ ನಂತರದ ‘ಸ್ಟಾಕರ್ 2: ಹಾರ್ಟ್ ಆಫ್ ಚೋರ್ನೋಬಿಲ್’ ಬಂದದ್ದು 2024ರ ನವೆಂಬರ್ 20ರಂದು. ಹೆಸರಿನ ಕಾಗುಣಿತ ಬದಲಾದದ್ದನ್ನು ಗಮನಿಸಿ: ರಷ್ಯನ್ ಉಚ್ಚಾರಣೆ ಬಿಟ್ಟು ಉಕ್ರೇನಿ ಉಚ್ಚಾರಣೆ. 2022ರ ಫೆಬ್ರುವರಿ 24ರಂದು ರಷ್ಯದ ಸೇನೆ ನುಗ್ಗಿದ್ದು ಇದೇ ವಲಯದ ಮೂಲಕ. ಮಾರ್ಚ್ ಕೊನೆಯವರೆಗೆ ಸ್ಥಾವರ ಅವರ ವಶದಲ್ಲಿತ್ತು. ಆಟ ಕಟ್ಟುತ್ತಿದ್ದವರಲ್ಲಿ ಒಂದು ಭಾಗ ಸಂಸಾರ ಸಮೇತ ಪ್ರಾಗ್ ನಗರಕ್ಕೆ ಹೋಯಿತು, ಉಳಿದವರಲ್ಲಿ ಕೆಲವರು ಕೀವ್‌ನಲ್ಲಿ ಸೈರನ್ನುಗಳ ನಡುವೆ ಕೆಲಸ ಮುಂದುವರಿಸಿದರು, ಕೆಲವರು ಸೇನೆ ಸೇರಿದರು. ಎರಡೇ ದಿನದಲ್ಲಿ ಹತ್ತು ಲಕ್ಷ ಪ್ರತಿಗಳು ಹೋದವು. ಮೊದಲನೆಯದರಂತೆ ಇದೂ ಹುಳುಕುಗಳೊಂದಿಗೇ ಬಂತು, ತಿದ್ದುಪಡಿಗಳು ಒಂದೊಂದಾಗಿ ಹಿಂಬಾಲಿಸಿದವು. ನಮ್ಮ ಮನೆಗಳಲ್ಲಿರುವ ಹಳೆಯ ಕಂಪ್ಯೂಟರುಗಳಿಗೆ ಅದು ಭಾರವಾದೀತು. 2007ರದು ಸಲೀಸಾಗಿ ಓಡುತ್ತದೆ.